ಓದುಗರ ಪ್ರಶ್ನೆ: ಅರ್ಹತೆ ಇದೆ, ಕಾಗದ ಇಲ್ಲ

ಮಕ್ಕಳ ಓದು, ಕೆಲಸ, ವಿದ್ಯಾರ್ಥಿವೇತನದ ಬಗ್ಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಪತ್ರಗಳನ್ನು ಚಿಕ್ಕದಾಗಿಸಿ, ತಾಲ್ಲೂಕಿನ ಹೆಸರಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಸಿಇಟಿಗೆ 371(ಜೆ) ಸರ್ಟಿಫಿಕೇಟ್ ಬೇಕು ಎಂದು ಈಗಷ್ಟೇ ಗೊತ್ತಾಯಿತು. ಅದರಿಂದ ನಿಜಕ್ಕೂ ಎಷ್ಟು ಅನುಕೂಲ? ಆಧಾರ್, ರೇಷನ್ ಕಾರ್ಡು ಎರಡರಲ್ಲೂ ನಮ್ಮ ಊರಿನ ವಿಳಾಸವೇ ಇದೆ. ಅಷ್ಟು ಸಾಲದೇ?
— ಮಸ್ಕಿ ತಾಲ್ಲೂಕು

ಉತ್ತರ: ಸಾಲದು. ಆಧಾರ್ ಇವತ್ತಿನ ವಿಳಾಸ ಹೇಳುತ್ತದೆ, ಅಷ್ಟೇ. ಕಲ್ಯಾಣ ಕರ್ನಾಟಕದವರಿಗೆ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ ಕೇಳುವುದು ನೀವು ಈ ಭಾಗದವರು ಹುಟ್ಟಿನಿಂದಲೋ, ದೀರ್ಘಕಾಲದ ವಾಸದಿಂದಲೋ ಎಂಬುದನ್ನು.

ಅನುಕೂಲ ದೊಡ್ಡದು. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ವಿಧಿ ಬಂತು. 2013ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಮೀಸಲಾತಿಯ ಆದೇಶ ಹೊರಡಿಸಿತು. ಅದರಂತೆ ಬೀದರ್‌ನಿಂದ ಬಳ್ಳಾರಿವರೆಗಿನ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಲಭ್ಯ ಸೀಟುಗಳ ಶೇ 70 ಸ್ಥಳೀಯರಿಗೆ. ಒಂದು ಕಾಲೇಜಿನಲ್ಲಿ ಅಂಥ 60 ಸೀಟಿದ್ದರೆ 42ಕ್ಕೆ ನಿಮ್ಮ ಮಗಳು ಪೈಪೋಟಿ ಮಾಡುವುದು ಇಡೀ ರಾಜ್ಯದ ಮಕ್ಕಳ ಜೊತೆ ಅಲ್ಲ, ಈ ಏಳು ಜಿಲ್ಲೆಗಳ ಮಕ್ಕಳ ಜೊತೆ. ಈ ಭಾಗದ ಹೊರಗಿರುವ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಮುಂದೆ ಸರ್ಕಾರಿ ಕೆಲಸಕ್ಕೂ ಇದೇ ಆಧಾರ: ಈ ಭಾಗದ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ಸ್ಥಳೀಯರಿಗೆ.

ಪತ್ರ ಕೊಡುವವರು ತಹಶೀಲ್ದಾರರಲ್ಲ, ಉಪವಿಭಾಗಾಧಿಕಾರಿ. ನಿಮಗೆ ಲಿಂಗಸುಗೂರು ಕಚೇರಿ. ಕಡತ ಮಾತ್ರ ಕೆಳಗಿನಿಂದ ಮೇಲೆ ಹೋಗುತ್ತದೆ: ಗ್ರಾಮ ಆಡಳಿತಾಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಸಹಿ, ತಹಶೀಲ್ದಾರರ ಶಿಫಾರಸು, ಆಮೇಲೆ ಉಪವಿಭಾಗಾಧಿಕಾರಿ. ಒಂದು ಮೇಜಿನಲ್ಲಿ ನಿಂತರೆ ಮುಂದಿನವು ಕಾಯಬೇಕು. ಸಿಇಟಿ ಅರ್ಜಿ ಬಿಟ್ಟ ಮೇಲೆ ಜಿಲ್ಲೆಯ ಮಕ್ಕಳೆಲ್ಲ ಒಮ್ಮೆಗೇ ಮುಗಿಬೀಳುತ್ತಾರೆ. ಪ್ರಥಮ ಪಿಯುಸಿಯ ಬೇಸಿಗೆ ರಜೆಯಲ್ಲೇ ಅರ್ಜಿ ಹಾಕಿದವರಿಗೆ ಈ ಗೋಳಿಲ್ಲ. ನೀವು ಈಗ ಒಂದು ವಾರವನ್ನೂ ಕಳೆಯಬೇಡಿ.

ಹುಟ್ಟಿನ ಆಧಾರದ ಮೇಲೆ ಕೇಳುವವರಿಗೆ ಜನನ ಪ್ರಮಾಣಪತ್ರಕ್ಕಿಂತ ಗಟ್ಟಿಯಾದ ದಾಖಲೆ ಇನ್ನೊಂದಿಲ್ಲ. ಮನೆಯಲ್ಲೇ ಹೆರಿಗೆಯಾಗಿ, ವರ್ಷ ಕಳೆದರೂ ನೋಂದಣಿ ಆಗಿರದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಒಂದು ವರ್ಷ ದಾಟಿದ ಜನನ ನೋಂದಣಿಗೆ ದಂಡಾಧಿಕಾರಿಯ ಆದೇಶ ಬೇಕು. 2023ರ ಕೇಂದ್ರ ತಿದ್ದುಪಡಿ ಈ ಅಧಿಕಾರವನ್ನು ಕೋರ್ಟಿನಿಂದ ಕಂದಾಯ ದಂಡಾಧಿಕಾರಿಗಳಿಗೆ ಕೊಟ್ಟಿದೆ. ಜೊತೆಗೆ ಒಂದನೇ ತರಗತಿಯಿಂದ ಇವತ್ತಿನವರೆಗಿನ ಎಲ್ಲ ಶಾಲೆಗಳ ವ್ಯಾಸಂಗ ಪ್ರಮಾಣಪತ್ರ, ತಂದೆ ತಾಯಿಯ ವಾಸದ ದಾಖಲೆ, ಇದ್ದರೆ ಹಳೆಯ ಪಹಣಿ, ಇವನ್ನು ಇಡಿ. ದುಡಿಮೆಗೆ ಹೋದಾಗ ಬೇರೆ ಜಿಲ್ಲೆಯಲ್ಲಿ ಹೆರಿಗೆಯಾಗಿದ್ದರೆ ಕಡತ ಕಟ್ಟುವ ಮೊದಲೇ ಉಪವಿಭಾಗಾಧಿಕಾರಿ ಕಚೇರಿಯ ಆ ವಿಷಯದ ಗುಮಾಸ್ತರನ್ನು ಕಂಡು, ತಂದೆ ತಾಯಿಯ ಯಾವ ದಾಖಲೆ ಬೇಕೆಂದು ಬರೆಸಿಕೊಂಡು ಬನ್ನಿ.

ಎರಡು ಕಡೆ ಹೆಚ್ಚು ತಪ್ಪುತ್ತದೆ. ಒಂದು ನಮೂನೆ: ಪರೀಕ್ಷಾ ಪ್ರಾಧಿಕಾರ ತನ್ನ ಕೈಪಿಡಿಯಲ್ಲಿ ಅಚ್ಚು ಹಾಕಿರುವ ಅನುಬಂಧದ ನಮೂನೆಯಲ್ಲೇ ಪತ್ರ ಇರಬೇಕು, ಉದ್ಯೋಗಕ್ಕೆಂದು ಮಾಡಿಸಿದ್ದನ್ನು ಪ್ರವೇಶಕ್ಕೆ ಕೊಡುವ ಮೊದಲು ಎರಡನ್ನೂ ಹೋಲಿಸಿ ನೋಡಿ. ಇನ್ನೊಂದು ಅರ್ಜಿ ತುಂಬುವಾಗ: ಸೈಬರ್ ಸೆಂಟರ್‌ನಲ್ಲಿ 371(ಜೆ) ಕಾಲಮ್ಮಿಗೆ ‘ಇಲ್ಲ’ ಎಂದು ಒತ್ತಿಬಿಟ್ಟರೆ ಕೈಯಲ್ಲಿ ಪತ್ರವಿದ್ದೂ ಉಪಯೋಗಕ್ಕೆ ಬಾರದು. ಮುದ್ರಿತ ಅರ್ಜಿಯನ್ನು ಅಲ್ಲೇ ನಿಂತು ಓದಿ, ಆಮೇಲೆ ದುಡ್ಡು ಕೊಡಿ.

ಪ್ರಶ್ನೆ: ದೀಪಾವಳಿ ಆದ್ಮ್ಯಾಗ ಬೆಂಗಳೂರಿಗೆ ಗುಳೆ ಹೋಗ್ತೀವ್ರಿ, ಉಗಾದಿ ಹೊತ್ತಿಗೆ ಬರ್ತೀವಿ. ಮಗ ನಾಲ್ಕನೇ ಕ್ಲಾಸು. ಕರ್ಕೊಂಡು ಹೋದ್ರ ಅಲ್ಲಿ ಶಾಲ್ಯಾಗ ಟಿ.ಸಿ. ಇಲ್ದ ಸೇರಿಸ್ಕೊಳ್ಳಂಗಿಲ್ಲ ಅಂತಾರ. ಬಿಟ್ಟು ಹೋಗೋಣಂದ್ರ ಮನ್ಯಾಗ ಮುದುಕಿ ಒಬ್ಬಾಕಿನ. ಏನ್ ಮಾಡ್ಬೇಕ್ರಿ?
— ದೇವದುರ್ಗ ತಾಲ್ಲೂಕು

ಉತ್ತರ: ಟಿ.ಸಿ. ಇಲ್ಲವೆಂದು ಸೇರಿಸಿಕೊಳ್ಳದಿರುವುದು ಕಾನೂನಿಗೆ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಹೇಳುವುದು ಇದನ್ನೇ: ಮುಖ್ಯಶಿಕ್ಷಕರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ತಡೆಯುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ತಡೆಯುವಂತಿಲ್ಲ ಎಂದು 14ನೇ ಕಲಮು, ವರ್ಷದ ನಡುವೆ ಬಂದರೆಂದು ತಡೆಯುವಂತಿಲ್ಲ ಎಂದು 15ನೇ ಕಲಮು. ಒಪ್ಪದಿದ್ದರೆ ಆ ಭಾಗದ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬಿಳಿ ಹಾಳೆಯಲ್ಲಿ ಬರೆದು ಕೊಡಿ. ಹೊರಡುವ ಮುಂಚೆ ನಿಮ್ಮ ಮುಖ್ಯಶಿಕ್ಷಕರಿಂದ ಮಗನ ಎಸ್‌ಎಟಿಎಸ್ ಸಂಖ್ಯೆಯನ್ನು ಬರೆಸಿಕೊಳ್ಳಿ. ರಾಜ್ಯದ ಯಾವ ಶಾಲೆಗೆ ಹೋದರೂ ಮಗುವಿನ ದಾಖಲೆ ಆ ಸಂಖ್ಯೆಯಲ್ಲೇ ಸಿಗುತ್ತದೆ. ಆಧಾರ್ ಪ್ರತಿ, ಹಿಂದಿನ ವರ್ಷದ ಅಂಕಪಟ್ಟಿ ಜೊತೆಗಿರಲಿ. ರೇಷನ್ ಅಕ್ಕಿ ಬೆಂಗಳೂರಿನ ಅಂಗಡಿಯಲ್ಲೂ ಸಿಗುತ್ತದೆ, ಹೆಬ್ಬೆಟ್ಟು ಒತ್ತಿದರಾಯಿತು; ಕಾರ್ಡನ್ನು ಊರಿನಿಂದ ತೆಗೆಸಬೇಡಿ.

ಆದರೆ ನಾಲ್ಕನೇ ತರಗತಿ ಎಂದಿದ್ದೀರಿ. ಅದಕ್ಕೇ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಯಾರೂ ಸಮಯಕ್ಕೆ ಹೇಳುವುದಿಲ್ಲ. ಬೆಂಗಳೂರು ನಗರದ ಶಾಲೆಯಲ್ಲಿ ಒಂದು ವರ್ಷ ಓದಿದರೂ ಎರಡು ಬಾಗಿಲು ಮುಚ್ಚುತ್ತವೆ.

ಮೊದಲನೆಯದು ನವೋದಯ ಶಾಲೆಯ ಗ್ರಾಮೀಣ ಸೀಟು. ರಾಯಚೂರು ಜಿಲ್ಲೆಯದು ಮುದಗಲ್‌ನಲ್ಲಿದೆ, ಕೊಪ್ಪಳದ್ದು ಕುಕನೂರಿನಲ್ಲಿ. ಆರನೇ ತರಗತಿಯಿಂದ ಹನ್ನೆರಡರವರೆಗೆ ಊಟ ವಸತಿ ಸಹಿತ ಓದು. ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಆದರೆ ಆ ಸೀಟಿಗೆ ಮೂರು, ನಾಲ್ಕು, ಐದು ಮೂರೂ ತರಗತಿಯನ್ನು ಹಳ್ಳಿ ಶಾಲೆಯಲ್ಲೇ ಓದಿರಬೇಕು. ಎರಡನೆಯದು ಗ್ರಾಮೀಣ ಮೀಸಲಾತಿ. ಸಿಇಟಿಯಲ್ಲಿ ಶೇ 15, ರಾಜ್ಯ ಸರ್ಕಾರಿ ನೇಮಕದಲ್ಲಿ ಶೇ 25. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ಶೈಕ್ಷಣಿಕ ವರ್ಷ ಗ್ರಾಮೀಣ ಶಾಲೆ ಬೇಕು. ಒಂಬತ್ತು ವರ್ಷ ಆದರೂ ಲೆಕ್ಕಕ್ಕಿಲ್ಲ. ಪಟ್ಟಣ ಪಂಚಾಯಿತಿ ಗಡಿಯೊಳಗಿನ ಶಾಲೆಯೂ ಇದಕ್ಕೆ ಬರುವುದಿಲ್ಲ. ಕನ್ನಡ ಮಾಧ್ಯಮದ ಶೇ 5 ಮೀಸಲು ಮಾತ್ರ ಊರು ಬದಲಾದರೂ ಉಳಿಯುತ್ತದೆ, ಬೆಂಗಳೂರಿನಲ್ಲೂ ಕನ್ನಡ ಮಾಧ್ಯಮದಲ್ಲೇ ಓದಿದ್ದರೆ. ದುಡಿಯಲು ಊರು ಬಿಡಬೇಕಾದ ಕುಟುಂಬದ ಮಗುವೇ ಗ್ರಾಮೀಣ ಮೀಸಲು ಕಳೆದುಕೊಳ್ಳುವುದು ನಿಯಮದ ದೊಡ್ಡ ಅನ್ಯಾಯ ಎಂಬುದು ನಮ್ಮ ಖಚಿತ ಅಭಿಪ್ರಾಯ. ನಿಯಮ ಬದಲಾಗುವವರೆಗೆ ಅದನ್ನು ತಿಳಿದೇ ಹೆಜ್ಜೆ ಇಡಬೇಕು.

ಹಾಗಾಗಿ ಮಗನನ್ನು ಊರಲ್ಲೇ ಬಿಡುವ ದಾರಿ ಮೊದಲು ಹುಡುಕಿ. ಗುಳೆ ಹೋಗುವವರ ಮಕ್ಕಳಿಗಾಗಿ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಋತುಮಾನ ವಸತಿ ಶಾಲೆ ನಡೆಸಲು ಅವಕಾಶವಿದೆ. ಅದು ತಾನಾಗಿ ತೆರೆಯುವುದಿಲ್ಲ. ನಿಮ್ಮ ಊರಿನಿಂದ ಎಷ್ಟು ಮಕ್ಕಳು ಹೋಗುತ್ತಾರೆಂಬ ಪಟ್ಟಿ ಶಾಲೆಯಿಂದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿರಬೇಕು. ಗುಳೆ ಹೊರಡುವ ಮನೆಗಳವರು ಕೂಡಿ, ಮಗುವಿನ ಹೆಸರು, ತರಗತಿ, ಹೋಗುವ ತಿಂಗಳು, ಬರುವ ತಿಂಗಳು ಬರೆದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವು ಮಾಡಿಸಿ ಆಗಸ್ಟ್ ಒಳಗೆ ಕೊಡಿ. ದೀಪಾವಳಿಗೆ ಕೇಳಿದರೆ ಅಡುಗೆಯವರನ್ನೂ ಅಕ್ಕಿಯನ್ನೂ ಹೊಂದಿಸಲು ಕಚೇರಿಗೆ ಸಮಯ ಉಳಿಯುವುದಿಲ್ಲ. ಮುಂದಿನ ವರ್ಷ ಮಗ ಐದನೇ ತರಗತಿಗೆ ಬಂದಾಗ ನವೋದಯಕ್ಕೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಎರಡಕ್ಕೂ ಅರ್ಜಿ ಹಾಕಿಸಿ. ನವೋದಯದ ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು: ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಚಿತ್ರಗಳ ತರ್ಕದ್ದು, ಅದಕ್ಕೇ 50 ಅಂಕ. ಪಠ್ಯಪುಸ್ತಕದಲ್ಲಿ ಅದು ಇರುವುದಿಲ್ಲವಾದ್ದರಿಂದ ಜಾಣ ಮಕ್ಕಳೂ ಅಲ್ಲೇ ಎಡವುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ ತಂದು ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡಿಸುವಂತೆ ಮೇಷ್ಟ್ರನ್ನು ಕೇಳಿ.

ನಿಮ್ಮಿಬ್ಬರ ವಿಷಯ: ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಬಹುದು. ಮಕ್ಕಳ ಓದಿಗೂ ಅಲ್ಲಿಂದ ಸಹಾಯಧನವಿದೆ. ಕೆಲಸದ ದೃಢೀಕರಣವನ್ನು ಮೇಸ್ತ್ರಿಯಿಂದ ಊರಿಗೆ ಹೊರಡುವ ಮುಂಚೆಯೇ ಬರೆಸಿಕೊಳ್ಳಿ. ಬಂದ ಮೇಲೆ ಫೋನಿನಲ್ಲಿ ಯಾರೂ ಕೊಡುವುದಿಲ್ಲ.

ಪ್ರಶ್ನೆ: ನನ್ನ ತಾಯಿ ಮಾಜಿ ದೇವದಾಸಿ. ಹಾಸ್ಟೆಲ್, ಜಾತಿ ಪ್ರಮಾಣಪತ್ರ, ಎಲ್ಲ ಅರ್ಜಿಯಲ್ಲೂ ತಂದೆಯ ಹೆಸರು ಕೇಳುತ್ತಾರೆ. ತಂದೆಯ ಕಡೆಯ ದಾಖಲೆ ತನ್ನಿ ಎಂದು ಎರಡು ಸಲ ಅರ್ಜಿ ವಾಪಸ್ ಕಳಿಸಿದ್ದಾರೆ. ನಾನು ಡಿಗ್ರಿ ಎರಡನೇ ವರ್ಷ.
— ಕೊಪ್ಪಳ ಜಿಲ್ಲೆ, ಹೆಸರು ಬೇಡ ಎಂದಿದ್ದಾರೆ

ಉತ್ತರ: ನಿಮ್ಮ ಅರ್ಜಿ ನ್ಯಾಯವಾದದ್ದು. ತಲೆ ತಗ್ಗಿಸಿ ಕೇಳಬೇಕಾದ್ದು ಏನೂ ಇಲ್ಲ.

ಜಾತಿ ಪ್ರಮಾಣಪತ್ರವನ್ನು ತಾಯಿಯ ಕಡೆಯಿಂದಲೇ ಕೇಳಿ. ತಂದೆ ತಾಯಿ ಬೇರೆ ಬೇರೆ ಜಾತಿಯವರಾದಾಗ ಮಗುವಿನ ಜಾತಿ ತಂದೆಯದೇ ಎಂದು ಕಣ್ಣುಮುಚ್ಚಿ ತೀರ್ಮಾನಿಸುವಂತಿಲ್ಲ, ಮಗು ಯಾರ ನಡುವೆ ಬೆಳೆಯಿತು, ಯಾವ ಸಮುದಾಯದ ಕಷ್ಟವನ್ನು ಉಂಡಿತು ಎಂಬುದನ್ನು ನೋಡಬೇಕು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಕಡತದಲ್ಲಿ ಇವಿರಲಿ: ತಾಯಿಯ ಜಾತಿ ಪ್ರಮಾಣಪತ್ರ, ತಾಯಿಯ ತಂದೆಯಿಂದ ಶುರುವಾಗುವ ವಂಶವೃಕ್ಷ, ನಿಮ್ಮ ಶಾಲಾ ದಾಖಲಾತಿಯ ನಕಲು, ತಾಯಿಯೇ ನಿಮ್ಮನ್ನು ಸಾಕಿದವರೆಂಬ ಅಫಿಡವಿಟ್, ಓಣಿಯ ಹಿರಿಯರ ಸಹಿ ಇರುವ ಪಂಚನಾಮೆ. ದೇವದಾಸಿ ಪುನರ್ವಸತಿ ಯೋಜನೆಯ ಸಮೀಕ್ಷಾ ಪಟ್ಟಿಯಲ್ಲಿ ತಾಯಿಯ ಹೆಸರಿದ್ದರೆ ಅದರ ದೃಢೀಕೃತ ಪ್ರತಿ ಬಲು ಗಟ್ಟಿ ದಾಖಲೆ.

ಬಾಯಿಮಾತಿನಲ್ಲಿ ವಾಪಸ್ ಕಳಿಸಿದರೆ ಒಪ್ಪಿಕೊಳ್ಳಬೇಡಿ. ತಿರಸ್ಕಾರದ ಹಿಂಬರಹ ಕೇಳಿ. ಲಿಖಿತ ತಿರಸ್ಕಾರ ಕೈಗೆ ಬಂದ ಮೇಲೆ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಲು 1990ರ ರಾಜ್ಯ ಕಾಯ್ದೆಯ 4-ಬಿ ಕಲಮಿನಲ್ಲಿ ಹಕ್ಕಿದೆ. ಕಾಗದವೇ ಇಲ್ಲದಿದ್ದರೆ ಮೇಲ್ಮನವಿಗೆ ಆಧಾರವಿಲ್ಲ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿಯಲ್ಲಿ ಬರುವ ಸಂಖ್ಯೆಯನ್ನೂ ಜೋಪಾನವಾಗಿಡಿ. ಅರ್ಜಿ ಎಂದು ಕೊಟ್ಟಿರಿ ಎಂಬುದಕ್ಕೆ ಅದೇ ಸಾಕ್ಷಿ.

ಹಾಸ್ಟೆಲ್ ಅರ್ಜಿಯ ತಂದೆ ಕಾಲಮ್ಮಿನಲ್ಲಿ ಸುಳ್ಳು ಹೆಸರು ಮಾತ್ರ ಬರೆಯಬೇಡಿ. ಇವತ್ತು ಕೆಲಸ ಆಗಬಹುದು, ನಾಲ್ಕು ವರ್ಷದ ಮೇಲೆ ಜಾತಿ ಪ್ರಮಾಣಪತ್ರದ ಸಿಂಧುತ್ವ ಪರಿಶೀಲನೆಗೆ ಹೋದಾಗ ಆ ಒಂದು ಹೆಸರೇ ಇಡೀ ಕಡತವನ್ನು ಅನುಮಾನಕ್ಕೆ ತಳ್ಳುತ್ತದೆ. ಪೋಷಕರು ಎಂಬ ಕಡೆ ತಾಯಿಯ ಹೆಸರು ಬರೆದು, ಜೊತೆಗೆ ಒಂದು ಪುಟದ ವಿವರಣಾ ಪತ್ರ ಲಗತ್ತಿಸಿ. ದೇವದಾಸಿ ಪದ್ಧತಿಯ ಬಗ್ಗೆ 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಶಾಸನದಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂಬ ಅಂಶವಿದೆ. ಪತ್ರದಲ್ಲಿ ಅದನ್ನು ಉಲ್ಲೇಖಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ವಕೀಲರ ನೆರವು ಉಚಿತ, ಆದಾಯದ ಮಿತಿ ಕೇಳುವುದಿಲ್ಲ.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಶೇ 52ರಲ್ಲಿ ಪಾಸಾಗಿದ್ದಾನೆ. ಪರಿಚಯದ ಗುತ್ತಿಗೆದಾರರೊಬ್ಬರು ತೋರಣಗಲ್ಲು ಕಡೆಯ ಕಾರ್ಖಾನೆಯಲ್ಲಿ ಹೆಲ್ಪರ್ ಕೆಲಸ ಕೊಡಿಸುತ್ತೇನೆ, ಆಮೇಲೆ ಪರ್ಮನೆಂಟ್ ಆಗುತ್ತದೆ ಎನ್ನುತ್ತಾರೆ. ಐಟಿಐ ಎರಡು ವರ್ಷ ದಂಡ ಎಂದು ಮನೆಯಲ್ಲಿ ವಾದ.
— ಸಂಡೂರು ತಾಲ್ಲೂಕು

ಉತ್ತರ: ಐಟಿಐ ದಂಡವಲ್ಲ. ಗುತ್ತಿಗೆಯ ಹೆಲ್ಪರ್ ಹತ್ತು ವರ್ಷದ ಮೇಲೂ ಹೆಲ್ಪರ್ ಆಗಿಯೇ ಉಳಿಯುವುದು ಸಾಮಾನ್ಯ. ಗುತ್ತಿಗೆದಾರ ಬದಲಾದಾಗಲೆಲ್ಲ ಸೇವೆ ಮೊದಲಿನಿಂದ ಎಣಿಕೆಯಾಗುತ್ತದೆ, ಕಲಿತ ಕೆಲಸಕ್ಕೆ ಯಾವ ಪತ್ರವೂ ಇರುವುದಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಏನಾಯಿತೆಂದು ಸಂಡೂರಿನವರಿಗೆ ಹೇಳಬೇಕಿಲ್ಲ. ಕೈಯಲ್ಲಿ ಸರ್ಟಿಫಿಕೇಟ್ ಇದ್ದ ಎಲೆಕ್ಟ್ರಿಷಿಯನ್ ಇನ್ನೊಂದು ಊರಿಗೆ ಹೋಗಿ ಅದೇ ಕೆಲಸ ಕೇಳಬಲ್ಲ. ಬರೀ ಅನುಭವವಿದ್ದವನು ಮತ್ತೆ ಕೂಲಿಯಿಂದ ಶುರು ಮಾಡಬೇಕು.

ಟ್ರೇಡ್ ಆರಿಸುವಾಗ ಅವಧಿ ನೋಡಿ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ವೆಲ್ಡರ್ ಒಂದೇ ವರ್ಷ. ಬೇಗ ಮುಗಿಯುತ್ತದೆಂದು ಒಂದು ವರ್ಷದ್ದಕ್ಕೆ ಸೇರಿದವರಿಗೆ ಮುಂದೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿ ಕಷ್ಟ. ಎರಡು ವರ್ಷದ ಟ್ರೇಡ್ ಮುಗಿಸಿದವರು ಡಿಪ್ಲೊಮಾ ಎರಡು ವರ್ಷದಲ್ಲಿ ಮುಗಿಸಿ, ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಲೆಕ್ಕ ಹಾಕಿ: ಐಟಿಐ 2, ಡಿಪ್ಲೊಮಾ 2, ಬಿಇ 3, ಒಟ್ಟು 7 ವರ್ಷ. ಪಿಯುಸಿ ಮಾಡಿ ಹೋದವರಿಗೆ 6. ಒಂದು ವರ್ಷ ಹೆಚ್ಚು, ಆದರೆ ನಡುವೆ ಎಲ್ಲಿ ನಿಂತರೂ ಕೈಯಲ್ಲಿ ಕೆಲಸದ ಅರ್ಹತೆ ಇರುತ್ತದೆ. ಸಂಕಷ್ಟದ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಐಟಿಐನಿಂದ ಬಂದವರು ಡಿಪ್ಲೊಮಾದಲ್ಲಿ ಸೋಲುವುದು ಹೆಚ್ಚಾಗಿ ಗಣಿತದಲ್ಲಿ, ಏಕೆಂದರೆ ಮೊದಲ ವರ್ಷದ ಗಣಿತವನ್ನು ಅವರು ಓದಿರುವುದೇ ಇಲ್ಲ. ಸೇರುವ ಮುಂಚಿನ ಬೇಸಿಗೆಯಲ್ಲಿ ಅದೊಂದು ಪುಸ್ತಕ ಮುಗಿಸಿದರೆ ಅರ್ಧ ಗೆದ್ದಂತೆ.

ಐಟಿಐ ಆದ ಮೇಲೆ ಕಾರ್ಖಾನೆಗೆ ಹೋಗುವ ಬಾಗಿಲು ಅಪ್ರೆಂಟಿಸ್‌ಶಿಪ್. 30 ಮತ್ತು ಹೆಚ್ಚು ಜನ ದುಡಿಯುವ ಸಂಸ್ಥೆಗಳು ಒಟ್ಟು ನೌಕರರ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರಲ್ಲಿ ನಿಗದಿಯಾದ ಕನಿಷ್ಠ ಮಾಸಿಕ ಭತ್ಯೆ ಐಟಿಐ ಆದವರಿಗೆ ₹7,000, ಡಿಪ್ಲೊಮಾದವರಿಗೆ ₹8,000. ‘ಟ್ರೇನಿ’ ಎಂದು ಬಾಯಿಮಾತಿನಲ್ಲಿ ಕೂಡಿಸಿಕೊಂಡರೆ ಅದು ಅಪ್ರೆಂಟಿಸ್ ಅಲ್ಲ. ಸರ್ಕಾರದ ಪೋರ್ಟಲ್‌ನಲ್ಲಿ ಮಗನ ಹೆಸರಿನ ಒಪ್ಪಂದಪತ್ರ ಇದೆಯೇ, ಅದರಲ್ಲಿ ಟ್ರೇಡ್ ಮತ್ತು ಅವಧಿ ಸರಿಯಿದೆಯೇ ಎಂದು ಮೊದಲ ತಿಂಗಳಲ್ಲೇ ನೋಡಿ. ಒಪ್ಪಂದ ಇಲ್ಲದಿದ್ದರೆ ಕೊನೆಗೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರದ ಪರೀಕ್ಷೆಗೂ ಕೂಡಿಸುವುದಿಲ್ಲ.

ಈ ವರ್ಷವೇ ಹೆಲ್ಪರ್ ಕೆಲಸಕ್ಕೆ ಹೋಗದೆ ವಿಧಿಯಿಲ್ಲ ಎಂದಾದರೆ ಮೊದಲು ಅವನಿಗೆ 18 ತುಂಬಿರಬೇಕು. ಇಂಥ ಅಪಾಯದ ಕೆಲಸಕ್ಕೆ ಅದಕ್ಕಿಂತ ಚಿಕ್ಕವರನ್ನು ಹಚ್ಚುವುದು ಅಪರಾಧ. ಸೇರಿದ ಮೇಲೆ ಪಿಎಫ್‌ನ ಯುಎಎನ್ ಸಂಖ್ಯೆ, ಇಎಸ್‌ಐ ಸಂಖ್ಯೆ ಎರಡನ್ನೂ ಕೇಳಿ ಪಡೆಯಲಿ. ಗುತ್ತಿಗೆದಾರ ಬದಲಾದರೂ ಯುಎಎನ್ ಒಂದೇ ಇರಬೇಕು.

ಪ್ರಶ್ನೆ: ವಿದ್ಯಾರ್ಥಿವೇತನ ‘ಮಂಜೂರಾಗಿದೆ’ ಎಂದು ತೋರಿಸುತ್ತದೆ, ಖಾತೆಗೆ ಬಂದಿಲ್ಲ.
— ಸಿಂಧನೂರು, ಗಂಗಾವತಿ, ಸಿರುಗುಪ್ಪದಿಂದ ಹಲವರು

ಉತ್ತರ: ಅರ್ಜಿಯಲ್ಲಿ ಬರೆದ ಖಾತೆಗೆ ಹಣ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್’ ಸ್ಥಿತಿ ನೋಡಿ. ಯಾವುದೋ ಕಂಪನಿಯ ಮೊಬೈಲ್ ಪೇಮೆಂಟ್ ಖಾತೆ ತೆರೆದಾಗ ಜೋಡಣೆ ಅಲ್ಲಿಗೆ ಸರಿದಿರಬಹುದು. ಹಾಗಿದ್ದರೆ ಹಣ ಅಲ್ಲೇ ಬಿದ್ದಿರುತ್ತದೆ. ‘ನಿಷ್ಕ್ರಿಯ’ ಎಂದಿದ್ದರೆ ನಿಮ್ಮ ಬ್ಯಾಂಕ್ ಶಾಖೆಗೆ ಹೋಗಿ ‘ಆಧಾರ್ ಸೀಡಿಂಗ್, ಎನ್‌ಪಿಸಿಐ ಮ್ಯಾಪಿಂಗ್ ಮಾಡಿ’ ಎಂದು ಅರ್ಜಿ ಕೊಡಿ. ಬರೀ ‘ಆಧಾರ್ ಲಿಂಕ್’ ಎಂದರೆ ಕೆವೈಸಿ ಮಾಡಿ ಕಳಿಸಿಬಿಡುತ್ತಾರೆ, ಅದು ಬೇರೆ.

ಇನ್ನೊಂದು ಕಾರಣ ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಅರ್ಜಿ ತಾಳೆಯಾಗದೆ ಉಳಿಯುತ್ತದೆ. 15 ವರ್ಷಕ್ಕೆ ಬೆರಳಚ್ಚು, ಕಣ್ಣಿನ ಗುರುತು ಮತ್ತೆ ಕೊಟ್ಟಿರಬೇಕು, ಅದೂ ಬಿಟ್ಟುಹೋಗಿರುತ್ತದೆ. ಒಂಬತ್ತನೇ ತರಗತಿ ಓದುವ ಮಕ್ಕಳ ಪೋಷಕರು ಎಸ್ಸೆಸ್ಸೆಲ್ಸಿ ನಾಮಿನಲ್ ರೋಲ್ ಕಳಿಸುವ ಮುನ್ನವೇ ಶಾಲಾ ದಾಖಲೆ ಮತ್ತು ಆಧಾರ್ ಒಂದೇ ಇವೆಯೇ ನೋಡಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ದೂರದ ದಾರಿ.

ಪ್ರಶ್ನೆ: ನಮ್ಮೂರಿನ ಹೆಣ್ಣುಮಕ್ಕಳು ಪಿಯುಸಿಗೆ ಹೋಗಲು ಬಸ್ಸಿನ ಹೊತ್ತು ಹೊಂದುವುದಿಲ್ಲ. ಸಂಜೆ ಕೊನೆಯ ಬಸ್ಸು ಕಾಲೇಜು ಬಿಡುವ ಮುಂಚೆಯೇ ಹೋಗಿಬಿಡುತ್ತದೆ. ಇದಕ್ಕೇ ಈ ವರ್ಷ ಹಲವರು ಓದು ಬಿಟ್ಟರು.
— ಲಿಂಗಸುಗೂರು ತಾಲ್ಲೂಕು

ಉತ್ತರ: 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 49ನ್ನೂ ಮುಟ್ಟಿರಲಿಲ್ಲ. ಅಂಥ ಕಡೆ ಹತ್ತನೇ ತರಗತಿ ದಾಟಿದ ಹುಡುಗಿ ಬಸ್ಸಿಗಾಗಿ ನಿಲ್ಲಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ಖರ್ಚು ಇಲ್ಲ. ಈಗ ಕೇಳಬೇಕಾದ್ದು ಸಮಯ.

‘ಬಸ್ಸು ಬಿಡಿ’ ಎಂಬ ಮನವಿಗೆ ಘಟಕದಲ್ಲಿ ಉತ್ತರ ಸಿಗುವುದು ಕಷ್ಟ. ಹೊಸ ಬಸ್ಸು ಕೇಳಬೇಡಿ, ಈಗಿರುವ ಟ್ರಿಪ್ಪಿನ ಹೊತ್ತು ಬದಲಿಸಲು ಕೇಳಿ. ಅದಕ್ಕೆ ಹೆಚ್ಚುವರಿ ಬಸ್ಸೂ ಚಾಲಕರೂ ಬೇಕಿಲ್ಲ. ಒಂದು ಹಾಳೆಯಲ್ಲಿ ಮಾರ್ಗದ ಪ್ರತಿ ಹಳ್ಳಿಯಿಂದ ಎಷ್ಟು ವಿದ್ಯಾರ್ಥಿಗಳು, ಕಾಲೇಜು ಶುರುವಾಗುವ ಮತ್ತು ಬಿಡುವ ಹೊತ್ತು, ಈಗಿನ ಬಸ್ಸಿನ ಹೊತ್ತು, ನಿಮಗೆ ಬೇಕಾದ ಹೊತ್ತು ಬರೆಯಿರಿ. ಪ್ರಾಂಶುಪಾಲರ ಸಹಿ ಮತ್ತು ಗ್ರಾಮ ಪಂಚಾಯಿತಿ ಠರಾವು ಜೊತೆಗಿಟ್ಟು ಘಟಕ ವ್ಯವಸ್ಥಾಪಕರಿಗೆ ಕೊಡಿ, ಪ್ರತಿಯನ್ನು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ರಾಯಚೂರು ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಳಿಸಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಜೂನ್ ಮೊದಲ ವಾರ ಕೊಟ್ಟರೆ ಒಳ್ಳೆಯದು.

ಈ ವರ್ಷ ಓದು ಬಿಟ್ಟವರಿಗೆ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್ ಇದೆ: ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಎರಡೂ ಇಲಾಖೆಯದು. ಆನ್‌ಲೈನ್ ಆಯ್ಕೆಪಟ್ಟಿ ಮುಗಿದ ಮೇಲೂ ಸೇರದೆ ಉಳಿದವರ ಜಾಗ ಖಾಲಿಯಾಗುತ್ತದೆ. ತಾಲ್ಲೂಕು ಕಚೇರಿಗೆ ಹೋಗಿ ಖಾಲಿ ಸೀಟಿನ ಸಂಖ್ಯೆ ಕೇಳಿ, ಹೆಸರುಗಳನ್ನು ಅಲ್ಲೇ ಬರೆದು ಕೊಟ್ಟು ಬನ್ನಿ.